ನಾನು ಪಾಚಿ ಕಟ್ಟಲು ಕಲಿಸಿದ್ದು

ಮೀನು ಬಿಡುವ ಆ ಗಾಜಿನ ತೊಟ್ಟಿ ನನ್ನ ಹೆಂಡತಿ ನನಗೆ ಕೊಟ್ಟ ಉಡುಗೊರೆ. ಹುಟ್ಟುಹಬ್ಬ, ಹಬ್ಬ ಅಂತ ಯಾವ ನೆಪವೂ ಇರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅಂಗಡಿಯ ಇಬ್ಬರು ಆಳುಗಳು ಅದನ್ನು ಲಿಫ್ಟಿನಲ್ಲಿ ತಂದು, ಹಾಲಿನ ಗೋಡೆಗೆ ಒತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ ಹೋದರು. ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿ ಮುಟ್ಟಬಹುದು, ಅಷ್ಟು ಉದ್ದ. "ನಿಂಗೆ ತುಂಬಾ ದಿನದಿಂದ ಆಸೆ ಇತ್ತಲ್ಲ," ಎಂದಳು. ಆಸೆ ಇದ್ದದ್ದು ನಿಜ. ಯಾವಾಗಲೋ ಮಾಲಿನಲ್ಲಿ ಅಂಥದೊಂದನ್ನು ನೋಡುತ್ತಾ ನಿಂತು ಊಟದ ಹೊತ್ತು ಮರೆತಿದ್ದೆ. ಅದು ಅವಳಿಗೆ ನೆನಪಿತ್ತಲ್ಲ ಎಂದು ಹಿಗ್ಗಿ, ಅವಳಿಗೆ ಎರಡನೇ ಸಲ ಕಾಫಿ ಮಾಡಿಕೊಟ್ಟೆ. ಈಗ ಆ ಬೆಳಿಗ್ಗೆಯನ್ನು ನೆನೆದರೆ ಮೈ ಉರಿಯುತ್ತದೆ. ಅವಳ ಮೇಲೆ ಅರ್ಧ ಸಿಟ್ಟು, ಹಿಗ್ಗಿ ಕಾಫಿ ಮಾಡಿಕೊಟ್ಟ ಬೆಪ್ಪುತಕ್ಕಡಿಯ ಮೇಲೆ ಇನ್ನರ್ಧ.

ನಾವು ಇದ್ದದ್ದು ಪರದೇಶದಲ್ಲಿ, ಪೆಟಾಲಿಂಗ್ ಜಯಾದ ಒಂದು ಕಾಂಡೋದಲ್ಲಿ, ಎಂದರೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಹೆಂಡತಿಗೆ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆ ಕಾರು ಹತ್ತಿ ಹೈವೇ ಹಿಡಿದಳೆಂದರೆ ಮತ್ತೆ ದರ್ಶನ ಸಂಜೆಗೇ. ಮೈಸೂರಿನಲ್ಲಿ ಪಿಯು ಹುಡುಗರಿಗೆ ಇತಿಹಾಸ ಪಾಠ ಹೇಳುತ್ತಿದ್ದ ನಾನು ಇಲ್ಲಿ ಅವಳ ವೀಸಾದ ಬಾಲ. ಇಲ್ಲಿ ಇರಲು ನನಗೆ ಕೊಟ್ಟಿದ್ದ ಪಾಸಿನಲ್ಲಿ ಸಂಬಳದ ಕೆಲಸಕ್ಕೆ ಹೋಗುವಂತಿರಲಿಲ್ಲ. ಹಾಗಾಗಿ ಅಡುಗೆ, ತರಕಾರಿ, ಬಟ್ಟೆ, ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸುವುದು, ಇಳಿಸಿಕೊಳ್ಳುವುದು ಎಲ್ಲ ನನ್ನ ಪಾಲಿಗೆ. ಅದರ ಬಗ್ಗೆ ನನಗೆ ದೂರಿಲ್ಲ. ಹೊರಡುವ ಮುಂಚೆ ಮೈಸೂರಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ವಾರಗಟ್ಟಲೆ ಜಗಳವಾಡಿ, ಅತ್ತು, ಮುನಿಸಿಕೊಂಡು, ಕೊನೆಗೆ ಇಬ್ಬರೂ ಹೂಂ ಅಂದ ಮೇಲೆಯೇ ಬಂದದ್ದು. ಅವತ್ತು ಅವಳೇ ಹೇಳಿದ್ದಳು: "ನೋಡು, ನೀನು ಇಷ್ಟು ದೊಡ್ಡದನ್ನ ಬಿಟ್ಟು ಬರ್ತಿದೀಯ. ಮುಂದೆ ಎಲ್ಲಿಗಾದ್ರೂ ಹೋಗೋದಿದ್ರೆ ನಿನ್ನ ಕೇಳ್ದೆ ಒಂದು ಹೆಜ್ಜೆ ಇಡಲ್ಲ." ನಾನು ಅದನ್ನು ಗಟ್ಟಿಯಾಗಿ ನಂಬಿದ್ದೆ. ಕೆಲಸ ಬಿಟ್ಟು ಬಂದವನ ಕೈಯಲ್ಲಿ ಉಳಿದದ್ದು ಆ ಒಂದು ಮಾತು.

ತೊಟ್ಟಿ ಬಂದ ಮೇಲೆ ಅದಕ್ಕೊಂದು ಕೊರಡು ಬೇಕಾಯಿತು. ಬರೀ ನೀರು ತುಂಬಿಸಿ ಮೀನು ಬಿಡುವುದರಲ್ಲಿ ನನಗೆ ಆಸಕ್ತಿಯಿರಲಿಲ್ಲ. ಒಳಗೆ ಗಿಡ ಬೆಳೆಯಬೇಕು, ಕಾಡಿನ ತೊರೆಯ ಒಂದು ತುಂಡು ನಮ್ಮ ಹಾಲಿನಲ್ಲಿರಬೇಕು. ಅಂಗಡಿಯವರು ಡ್ರಿಫ್ಟ್‌ವುಡ್ ಎನ್ನುವುದು ಹೊಳೆಯಲ್ಲಿ ಎಷ್ಟೋ ಕಾಲ ನೆನೆದು, ತೊಗಟೆ ಕಳೆದುಕೊಂಡು, ಗಂಟುಗಂಟಾಗಿ ಉಳಿದ ಬೇರನ್ನು. ನಾನು ಆರಿಸಿದ್ದಕ್ಕೆ ಮೂರು ಕವಲು. ಇಂಥದನ್ನು ಮೊದಲು ಕುದಿಸಬೇಕು, ಇಲ್ಲದಿದ್ದರೆ ನೀರಿಗೆ ಬಣ್ಣ ಬಿಡುತ್ತದೆ, ಮುಳುಗುವುದಕ್ಕೂ ಹಟ ಮಾಡುತ್ತದೆ. ಮನೆಗೆ ಜನ ಬಂದಾಗ ಬಿಸಿಬೇಳೆಬಾತ್ ಮಾಡುವ ದೊಡ್ಡ ಪಾತ್ರೆಯಲ್ಲಿ ಒಂದು ಕವಲು ಮುಳುಗಿಸಿ ಕುದಿಸಿದೆ, ತಿರುಗಿಸಿ ಇನ್ನೊಂದು ಕವಲು ಕುದಿಸಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿದ್ದಂತೆ ಚೆಲ್ಲಿ ಹೊಸ ನೀರು ಹಾಕಿದೆ. ಮನೆಯೆಲ್ಲ ಒದ್ದೆ ಗೋಣಿಚೀಲದ ವಾಸನೆ. ಆ ಪಾತ್ರೆಗೆ ಒಂದು ಗೀರು ಬಿದ್ದರೂ ದೊಡ್ಡ ರಂಪ ಮಾಡುತ್ತಿದ್ದ ನನ್ನ ಹೆಂಡತಿ ಅವತ್ತು, "ಮಾಡ್ಕೋ, ಮಾಡ್ಕೋ," ಎಂದು ಬೆನ್ನು ತಟ್ಟಿ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕೊರಡಿಗೆ ಹಸಿರು ಹೊದಿಸುವುದು ಪಾಚಿ. ಇಲ್ಲಿಯ ಅಂಗಡಿಗಳಲ್ಲಿ ಜಾವಾ ಮಾಸ್ ಎಂದು ಸಣ್ಣ ಡಬ್ಬಿಗಳಲ್ಲಿ ಸಿಗುತ್ತದೆ, ಕೂದಲೆಳೆಯಂಥ ಕಾಂಡ, ಅದರ ತುಂಬ ಕಂಡೂ ಕಾಣದ ಎಲೆ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಪಾಚಿನಾ? ಬಚ್ಚಲಲ್ಲಿ ಬೆಳೆದ್ರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಸಾಯ್ತೀವಿ, ನೀನು ಅಂಗಡಿಯಿಂದ ಕೊಂಡು ತರ್ತೀಯಾ?" ಎಂದಳು. ಪಾಚಿಗೆ ಮಣ್ಣು ಬೇಡ. ಮರಕ್ಕೆ ಒತ್ತಿ ಹಿಡಿದಿಟ್ಟರೆ ಕೆಲವು ವಾರಗಳಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದನ್ನು ಹಿಡಿದಿಡುವುದು ಹೇಗೆ ಎಂಬುದೇ ಪ್ರಶ್ನೆ. ಹೆಚ್ಚಿನವರು ಟ್ಯೂಬಿನ ಗೋಂದು ಹಚ್ಚಿ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಸೇರಲಿಲ್ಲ. ನನಗೆ ಹೂ ಕಟ್ಟಲು ಬರುತ್ತದೆ.

ಬಾಯಿಮಾತಿಗೆ ಹೇಳುತ್ತಿಲ್ಲ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿದ್ದ ಸೋದರತ್ತೆ ದಿನಾ ಪೂಜೆಗೆ ಮಲ್ಲಿಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಹೂ ಜೋಡಿಸಿ ಕೊಡುತ್ತಾ ಕೊಡುತ್ತಾ ನನ್ನ ಬೆರಳಿಗೂ ಅದು ಬಂತು. ಮದುವೆಯಾದ ಹೊಸದರಲ್ಲಿ ನಾನು ಒಂದು ಮೊಳ ಕಟ್ಟಿ ತೋರಿಸಿದಾಗ ಹೆಂಡತಿಯ ಕಡೆಯವರು ಬಿದ್ದು ಬಿದ್ದು ನಕ್ಕಿದ್ದರು. ಅವಳು ಮಾತ್ರ ಆ ಹೂವನ್ನು ಮುಡಿದು ಇಡೀ ದಿನ ಓಡಾಡಿದ್ದಳು.

ಅತ್ತೆ ಕಟ್ಟುತ್ತಿದ್ದದ್ದು ಬಾಳೆನಾರಿನಲ್ಲಿ. ನನ್ನ ತಲೆಗೆ ಅದೇ ಹೊಳೆಯಿತು. ಕಾಂಡೋದ ಹಿಂದೆ ಗೇಟಿನ ಹತ್ತಿರ ಬಾಳೆಗಿಡಗಳಿದ್ದವು. ಒಣಗಿದ ಪಟ್ಟೆಯೊಂದನ್ನು ಎಳೆದು ತಂದು, ನೆನೆಸಿ, ಉಗುರಿನಲ್ಲಿ ಸೀಳಿ ನಾರು ತೆಗೆದು, ಮೂರು ಕವಲಿಗೂ ಪಾಚಿ ಕಟ್ಟಿದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಫೋಟೋ ತೆಗೆದು ಅಮ್ಮನಿಗೂ ಕಳಿಸಿದೆ. ನಾರು ಹೂವಿನ ಜೊತೆ ಒಂದು ದಿನ ಬಾಳುವ ವಸ್ತು, ನೀರಿನಲ್ಲಿ ತಿಂಗಳು ಬಾಳುವುದಿಲ್ಲ ಎಂಬ ಸಾಮಾನ್ಯ ಜ್ಞಾನ ನನಗಿರಲಿಲ್ಲ. ವಾರ ಕಳೆಯುವುದರೊಳಗೆ ನಾರು ಕೊಳೆತು ಲೋಳೆಯಾಯಿತು. ಪಾಚಿಯೆಲ್ಲ ಬಿಡಿಸಿಕೊಂಡು ಮೇಲೆ ತೇಲಿ ಫಿಲ್ಟರಿನ ಬಾಯಿಗೆ ಮೆತ್ತಿಕೊಂಡಿತು, ನೀರು ಗಬ್ಬೆದ್ದು ನಾರಿತು.

ಸರಿಯಾಗಿ ಆ ಹೊತ್ತಿಗೇ ಪಕ್ಕದ ಫ್ಲ್ಯಾಟಿನವರು ಬಂದರು. ಮಂಗಳೂರಿನವರು, ಪೆಟಾಲಿಂಗ್ ಜಯಾದಲ್ಲೇ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಹೆಂಡತಿ ಮಕ್ಕಳು ಊರಿನಲ್ಲಿ, ಇವರು ಇಲ್ಲಿ ಒಬ್ಬರೇ. ಭಾನುವಾರ ಚರ್ಚ್ ಮುಗಿಸಿ ಬರುವಾಗ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿನಿಂದ ಪರೋಟದಂಥ ರೊಟಿ ಚಾನಾಯ್ ತಪಾವ್ ಮಾಡಿಸಿಕೊಂಡು, ಎಂದರೆ ಪೊಟ್ಟಣ ಕಟ್ಟಿಸಿಕೊಂಡು, ನಮ್ಮ ಮನೆಗೇ ಬರುತ್ತಿದ್ದರು, ಎಲ್ಲರೂ ಕೂತು ತಿನ್ನುತ್ತಿದ್ದೆವು. ಅವತ್ತು ಪೊಟ್ಟಣ ಹಿಡಿದುಕೊಂಡೇ ತೊಟ್ಟಿಗೆ ಬಗ್ಗಿ ನೋಡಿದರು.

"ಇದೆಂತ ಮಾರಾಯ್ರೆ, ಅಕ್ವೇರಿಯಂ ಮಾಡಿದ್ದಾ, ಬಸಳೆ ಪದಾರ್ಥ ಮಾಡಿದ್ದಾ?"

ಬಸಳೆ ಸಾರಿಗೆ ಹೋಲಿಸಿದ್ದಕ್ಕೆ ನನಗೆ ಸಿಟ್ಟು ಬಂದರೂ ನಗು ಬಂತು. ಆಮೇಲೆ ಇಬ್ಬರೂ ಸೇರಿ ನೀರು ತೆಗೆದೆವು, ಫಿಲ್ಟರ್ ತೊಳೆದೆವು.

ಎರಡನೇ ಸಲ ನಾರಿನ ಸಹವಾಸ ಬಿಟ್ಟು, ದೇವಸ್ಥಾನದ ಹತ್ತಿರ ಹೂ ಮಾರುವ ತಮಿಳು ಅಕ್ಕನ ಅಂಗಡಿಗೆ ಹೋಗಿ ಹೂ ಕಟ್ಟುವ ಹತ್ತಿದಾರದ ಉಂಡೆ ತಂದೆ. "ವೀಟ್ಲ ವಿಶೇಷಮಾ?" ಎಂದು ಕೇಳಿದರು. ಪಾಚಿ ಕಟ್ಟಲು ಎಂದು ಯಾವ ಬಾಯಲ್ಲಿ ಹೇಳಲಿ? ಹೌದು, ಮನೆಯಲ್ಲಿ ವಿಶೇಷ ಇದೆ ಎಂದು ತಲೆಯಾಡಿಸಿದೆ. ನಿಜವಾಗಿ ಮನೆಯಲ್ಲಿ ವಿಶೇಷ ನಡೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ.

ಮುಂದಿನ ಭಾನುವಾರ ಕೊರಡನ್ನು ಟವೆಲ್ಲಿನ ಮೇಲೆ ಇಟ್ಟುಕೊಂಡು ಕಟ್ಟಲು ಕೂತಾಗ ಮಂಗಳೂರಿನವರು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. "ನನಗೂ ಸ್ವಲ್ಪ ಕಲಿಸಿ ಮಾರಾಯ್ರೆ," ಎಂದರು.

ಪಾಠ ಹೇಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಮಗಳಿಗೆ ಹೋಮ್‌ವರ್ಕ್ ಹೇಳಿಕೊಡಲು ಹೋದರೆ "ಅಪ್ಪಾ, ಇಟ್ಸ್ ಓಕೆ, ಐ ಕ್ಯಾನ್ ಡೂ ಇಟ್" ಎನ್ನುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೀಗಿರುವಾಗ ದೊಡ್ಡ ಮನುಷ್ಯರೊಬ್ಬರು ತಾವಾಗಿ ಬಂದು ಕಲಿಸಿ ಎಂದು ಕೇಳಿದರೆ? ನಾನು ಹಿರಿಹಿರಿ ಹಿಗ್ಗಿದೆ. ತರಗತಿಯಲ್ಲಿ ಸೀಮೆಸುಣ್ಣ ಹಿಡಿದಾಗ ಬರುತ್ತಿದ್ದ ದನಿ ತಾನಾಗಿ ಗಂಟಲಿಗೆ ಬಂತು.

ಪಾಚಿಯನ್ನು ಮೊದಲು ಕತ್ತರಿಯಲ್ಲಿ ಕೊತ್ತಂಬರಿಯ ಹಾಗೆ ಸಣ್ಣಗೆ ಹೆಚ್ಚಬೇಕು ಎಂದು ತೋರಿಸಿದೆ. ಆಸೆಪಟ್ಟು ದಪ್ಪಗೆ ಪೇರಿಸಬಾರದು, ಕೆಳಗಿನದಕ್ಕೆ ಬೆಳಕು ಸಿಗದೆ ಕಂದಾಗಿ ಸಾಯುತ್ತದೆ. ಮರದ ಬಣ್ಣ ಅಲ್ಲಲ್ಲಿ ಇಣುಕುವಷ್ಟು ತೆಳುವಾಗಿ ಹರಡಬೇಕು. ಆಮೇಲೆ ದಾರ. ಎಲ್ಲರೂ ಬುಗುರಿಗೆ ಹುರಿ ಸುತ್ತಿದಂತೆ ಸುಮ್ಮನೆ ಸುತ್ತುತ್ತಾರೆ, ಒಂದು ಕಡೆ ತುಂಡಾದರೆ ಪೂರ್ತಿ ಸಡಿಲ. ನಾನು ಹೂ ಕಟ್ಟಿದ ಹಾಗೆ ಕಟ್ಟುತ್ತಿದ್ದೆ: ಒಂದು ಚಿಟಿಕೆ ಪಾಚಿ ಇಟ್ಟು, ದಾರವನ್ನು ಬೆರಳಿಗೆ ಕುಣಿಕೆ ಮಾಡಿಕೊಂಡು ಅದರ ಮೇಲೆ ಎಸೆದು ಜಗ್ಗುವುದು, ಮುಂದಿನ ಚಿಟಿಕೆ, ಮತ್ತೆ ಕುಣಿಕೆ. ಪ್ರತಿ ಕುಣಿಕೆಯೂ ತನ್ನ ಪಾಲಿನದನ್ನು ತಾನೇ ಹಿಡಿದಿರುತ್ತದೆ. ನಡುನಡುವೆ ನೀರು ಚಿಮುಕಿಸುತ್ತಿರಬೇಕು. ಮಂಗಳೂರಿನವರ ಬೆರಳು ದಪ್ಪ, ಕುಣಿಕೆ ಬೀಳುತ್ತಲೇ ಇರಲಿಲ್ಲ. "ಇದು ಹೆಂಗಸರ ಕೆಲಸ ಅಂತ ಊರಲ್ಲಿ ನೋಡ್ಲೇ ಇಲ್ಲ ನಾನು, ತಪ್ಪಾಯ್ತು," ಎಂದು ಹಲುಬುತ್ತಾ ಪಟ್ಟು ಬಿಡದೆ ಕಟ್ಟಿದರು. ಮೂರನೆಯ ಕವಲು ಪೂರ್ತಿ ಅವರದೇ. ವಕ್ರವಾಗಿತ್ತು, ಬಿಗಿಯಾಗಿತ್ತು.

ಅಲ್ಲಿಂದ ಮುಂದೆ ಅವರು ಭಾನುವಾರ ತಪ್ಪದೆ ಪಾಠಕ್ಕೆ ಬಂದರು. ಎಂಥ ಶಿಷ್ಯ! ನೀರು ಎಷ್ಟು ದಿನಕ್ಕೊಮ್ಮೆ ಬದಲಿಸುವುದು, ನಲ್ಲಿ ನೀರಿನ ಕ್ಲೋರಿನ್ ತೆಗೆಯುವುದು ಹೇಗೆ, ದೀಪ ದಿನಕ್ಕೆ ಎಷ್ಟು ಹೊತ್ತು, ಇಲ್ಲಿಯ ಸೆಕೆಗೆ ನೀರು ಬಿಸಿಯಾಗದ ಹಾಗೆ ತೊಟ್ಟಿಯ ಅಂಚಿಗೆ ಸಣ್ಣ ಫ್ಯಾನು ಯಾವಾಗ ಹಾಕಬೇಕು, ಎಲ್ಲ ಕೇಳಿದರು. ಒಬ್ಬನೇ ಇರುವವನು ಇಷ್ಟು ದೊಡ್ಡದನ್ನು ನಿಭಾಯಿಸಬಹುದಾ ಎಂದೂ ಕೇಳಿದರು. "ಮೊದಲಿಗೆ ಸಣ್ಣದು ತಗೊಳ್ಳಿ," ಎಂದೆ. "ಇಲ್ಲ ಇಲ್ಲ, ಸರೀ ಇಷ್ಟೇ ದೊಡ್ಡದು ಅಂತ ಇಟ್ಕೊಳ್ಳಿ," ಎಂದರು. ನನ್ನ ತೊಟ್ಟಿಯ ಮೇಲೆ ಇಷ್ಟು ಮೋಹವೇ ಎಂದು ನಾನು ಇನ್ನೂ ಉಬ್ಬಿದೆ.

ಹೆಂಡತಿಯೂ ಆಸಕ್ತಿ ತೋರಿಸುತ್ತಿದ್ದಳು. ಕಾಫಿ ತಂದುಕೊಟ್ಟು, ಸೋಫಾದ ಕೈ ಮೇಲೆ ಕೂತು, "ಅವ್ರಿಗೆ ಎಲ್ಲಾನೂ ಸರಿಯಾಗಿ ಹೇಳ್ಕೊಡು, ಆಮೇಲೆ ಒದ್ದಾಡ್ಬಾರ್ದು," ಎನ್ನುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಈ ಮನೆಯಲ್ಲಿ ನನ್ನ ವಿದ್ಯೆಗೊಂದು ಬೆಲೆ ಬಂತು ಎಂದುಕೊಂಡೆ. ಮಗಳು ಮೂಲೆಯಲ್ಲಿ ಟ್ಯಾಬ್ಲೆಟ್ ಹಿಡಿದು ಏನೋ ಹೊಸ ಭಾಷೆಯ ಪದಗಳನ್ನು ಉರುಹೊಡೆಯುತ್ತಿದ್ದಳು. ಶಾಲೆಯಲ್ಲಿ ಹಚ್ಚಿರಬೇಕು, ಈ ಇಂಟರ್‌ನ್ಯಾಷನಲ್ ಶಾಲೆಗಳಿಗೆ ದಿನಕ್ಕೊಂದು ಹುಚ್ಚು ಎಂದು ಸುಮ್ಮನಿದ್ದೆ. ಉಚ್ಚಾರ ಚೆನ್ನಾಗಿದೆ ಎಂದು ಹೊಗಳಿದ್ದೂ ಉಂಟು.

ಪಾಚಿ ಕಚ್ಚಿಕೊಂಡಿತು. ಮೊದಲು ಕಡುಹಸಿರಾಗಿ ಮಂಕಾಗಿದ್ದದ್ದು ತುದಿಗಳಲ್ಲಿ ಎಳೆಹಸಿರು ಚಿಗುರು ಬಿಟ್ಟಿತು. ಕೆಂಪು ಬಾಲದ ರಾಸ್ಬೋರಾ ಮೀನುಗಳು ಅದರ ನೆರಳಿನಲ್ಲಿ ಗುಂಪು ಕಟ್ಟಿದವು, ಸಣ್ಣ ಸಿಗಡಿಗಳು ಇಡೀ ದಿನ ಅದರೊಳಗೆ ಹೆಕ್ಕಿ ತಿನ್ನುತ್ತಿದ್ದವು. ಮಗಳನ್ನು ವ್ಯಾನಿಗೆ ಹತ್ತಿಸಿ ಬಂದು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಕುಕ್ಕರ್ ಕೂಗುವವರೆಗೆ ನನಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಈ ಊರು ನನ್ನದು ಅನ್ನಿಸಲು ಶುರುವಾದದ್ದು ಆ ಸ್ಟೂಲಿನ ಮೇಲೆ. ಇನ್ನು ಮಗಳು ಶಾಲೆ ಮುಗಿಸುವವರೆಗೆ ಇಲ್ಲೇ, ಆಮೇಲೆ ನೋಡೋಣ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆ.

ಒಂದು ಶನಿವಾರ ಆಫೀಸಿನಲ್ಲಿ ಏನೋ ಕೆಲಸ ಎಂದು ಹೆಂಡತಿ ಹೊರಗೆ ಹೋಗಿದ್ದಳು. ಮಗಳು ಸೋಫಾದಲ್ಲಿ ಅಂಗಾತ ಮಲಗಿ ಟ್ಯಾಬ್ಲೆಟ್ ನೋಡುತ್ತಿದ್ದಳು. ನಾನು ಬಾಗಿದ ಕತ್ತರಿಯಲ್ಲಿ ಪಾಚಿಯ ಜುಟ್ಟು ಸವರುತ್ತಿದ್ದೆ, ಎರಡೂ ತೋಳು ಮೊಣಕೈವರೆಗೆ ನೀರಿನಲ್ಲಿ. ಮಂಗಳೂರಿನವರು ಬಂದರು. ಕೈಯಲ್ಲಿ ಅಳತೆಯ ಟೇಪು. ತೊಟ್ಟಿಯ ಉದ್ದ ಹಿಡಿದರು, ಸ್ಟ್ಯಾಂಡಿನ ಎತ್ತರ ಹಿಡಿದರು, ಆಮೇಲೆ ಹೋಗಿ ನಮ್ಮ ಬಾಗಿಲಿನ ಅಗಲ ಹಿಡಿದರು.

"ಇದೇ ಅಳತೆದು ಬೇಕಾದ್ರೆ ಅಂಗಡಿಯವನಿಗೆ ಹೇಳ್ತೀನಿ, ತರಿಸ್ಕೊಡ್ತಾನೆ," ಎಂದೆ.

"ಹೊಸದು ಯಾಕೆ ಮಾರಾಯ್ರೆ, ಇದುಂಟಲ್ಲ?" ಎಂದು ನಕ್ಕರು. "ನೀರು ಅರ್ಧ ತೆಗೆದು ನಾಲ್ಕು ಜನ ಹಿಡಿದ್ರೆ ನಮ್ಮ ಬಾಗಿಲಿಗೆ ಹೋಗ್ತದೆ. ನೀವು ಜರ್ಮನಿಗೆ ಹೋಗುವ ಮೊದಲೇ ಶಿಫ್ಟ್ ಮಾಡಿದ್ರೆ ಒಳ್ಳೇದಲ್ವಾ? ನೀವು ಇರುವಾಗಲೇ ಒಮ್ಮೆ ಸೆಟ್ ಆಗ್ತದೆ."

ನಾನು ತಮಾಷೆ ಎಂದುಕೊಂಡು, "ಯಾವ ಜರ್ಮನಿ?" ಎಂದೆ.

ಅವರ ಮುಖ ಬದಲಾದದ್ದು ನೋಡಿದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು. ಟೇಪು ಕಿರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. "ಮೇಡಂ ಹೇಳ್ಲಿಲ್ವಾ?" ಎಂದರು ಸಣ್ಣ ದನಿಯಲ್ಲಿ. "ಈ ವಾರ ಹೇಳ್ತೇನೆ ಅಂದಿದ್ರು... ಹೇಳಿ ಆಯ್ತು ಅಂತ ನಾನು ಎಣಿಸಿದ್ದು..."

ಸೋಫಾದಿಂದ ಮಗಳು ಎದ್ದು ಕೂತಳು. ನನ್ನ ಮುಖ, ಅವರ ಮುಖ ನೋಡಿದಳು. "ಅಪ್ಪಾ, ಐ ಥಾಟ್ ಯು ನ್ಯೂ ಬೈ ನೌ," ಎಂದಳು. ಅವಳ ತೊಡೆಯ ಮೇಲಿದ್ದ ಟ್ಯಾಬ್ಲೆಟ್ ಅಷ್ಟು ಹೊತ್ತಿಗೆ ಜರ್ಮನ್ ಭಾಷೆಯಲ್ಲಿ "ಗುಟೆನ್ ಟಾಗ್" ಎಂದು ನಮಸ್ಕಾರ ಹೇಳಿತು.

ನೀರಿನಿಂದ ಕೈ ತೆಗೆಯುವುದೂ ನನಗೆ ತೋಚಲಿಲ್ಲ. ಮನೆಯಲ್ಲಿ ನಾವು ಮೂವರು, ಪಕ್ಕದ ಮನೆಯಲ್ಲಿ ಒಬ್ಬರು. ಈ ನಾಲ್ವರಲ್ಲಿ ಮೂವರಿಗೆ ಗೊತ್ತಿತ್ತು. ನಾನು ಮೆಚ್ಚಿ ಮೆಚ್ಚಿ ಪಾಠ ಹೇಳಿದ ಶಿಷ್ಯ ಕಲಿಯುತ್ತಿದ್ದದ್ದು ನಾನು ಹೋದ ಮೇಲೆ ನನ್ನ ತೊಟ್ಟಿಯನ್ನು ನೋಡಿಕೊಳ್ಳುವುದು ಹೇಗೆ ಎಂದು. ಉಯಿಲು ಬರೆಸಿಕೊಂಡವರು ಬದುಕಿರುವವನ ಹತ್ತಿರವೇ ಅಡುಗೆಮನೆಯ ಸಾಮಾನು ಎಲ್ಲೆಲ್ಲಿದೆ ಎಂದು ಕೇಳಿಟ್ಟುಕೊಂಡ ಹಾಗಾಯಿತು. ನನಗೆ ನಾಚಿಕೆಯಾಯಿತು. ಮೋಸ ಮಾಡಿದವರು ಅವರು, ನಾಚಿಕೆ ನನಗೆ. ಯಾಕೆ ಹಾಗೆ ಎಂದು ಇವತ್ತಿಗೂ ತಿಳಿದಿಲ್ಲ.

ಸಂಜೆ ಹೆಂಡತಿ ಬಾಗಿಲು ತೆಗೆದವಳೇ ನನ್ನನ್ನು ನೋಡಿ ಬ್ಯಾಗು ಕೆಳಗಿಟ್ಟಳು. ಮಂಗಳೂರಿನವರು ಫೋನ್ ಮಾಡಿ ಹೇಳಿರಬೇಕು. ಮಗಳನ್ನು ಕೆಳಗೆ ಈಜುಕೊಳಕ್ಕೆ ಕಳಿಸಿ ಇಬ್ಬರೂ ಅಡುಗೆಮನೆಯಲ್ಲಿ ನಿಂತೆವು.

"ಇಲ್ಲಿ ನಮ್ಮ ಟೀಮ್ ಕ್ಲೋಸ್ ಮಾಡ್ತಿದಾರೆ ಕಣೋ," ಎಂದಳು. "ಜರ್ಮನಿ ಆಫೀಸಲ್ಲಿ ಒಂದೇ ಪೊಸಿಷನ್ ಇತ್ತು. ತಕ್ಷಣ ಹೂಂ ಅನ್ಬೇಕಿತ್ತು, ಅಂದೆ. ನಿಂಗೆ ಹೇಳೋಣ ಅಂತ ದಿನಾ ಅನ್ಕೊಂಡೆ."

"ಯಾವಾಗ ಹೂಂ ಅಂದಿದ್ದು?"

ಅವಳು ನೆಲ ನೋಡಿದಳು.

"ಟ್ಯಾಂಕ್ ತರಿಸೋಕೆ ಮುಂಚೆನಾ, ಆಮೇಲಾ?"

"ಮುಂಚೆ," ಎಂದಳು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು: "ನೀನು ದಿನಾ ನನ್ನ ಮುಖ ನೋಡಿ ಏನಾಯ್ತು ಏನಾಯ್ತು ಅಂತ ಕೇಳ್ತಿದ್ದೆ. ನನ್ ಕೈಲಿ ಆಗ್ತಿರ್ಲಿಲ್ಲ. ವೀಸಾ ಬರುತ್ತೋ ಇಲ್ವೋ, ಶಾಲೆ ಸಿಗುತ್ತೋ ಇಲ್ವೋ, ಎಲ್ಲಾ ನನ್ ತಲೆ ಮೇಲೆ. ನಿಂಗೂ ಏನಾದ್ರೂ ಇರ್ಲಿ, ಸ್ವಲ್ಪ ದಿನ ಆ ಕಡೆ ನೋಡ್ಕೊಂಡಿರು ಅಂತ..."

ಹಟ ಮಾಡುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ. ಅದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಅವಳು ಅತ್ತಳು. ಅವಳು ಪಟ್ಟ ಕಷ್ಟ ಸುಳ್ಳಾಗಿರಲಿಲ್ಲ, ಕಣ್ಣಿನ ಕೆಳಗಿನ ಕಪ್ಪನ್ನು ನಾನೇ ನೋಡಿ ಕೇಳುತ್ತಿದ್ದೆನಲ್ಲ. ಆದರೂ ನನಗೆ ಕನಿಕರ ಬರಲಿಲ್ಲ. ಮಗಳಿಗೆ ಹೇಳಬಹುದಾಗಿತ್ತು, ಪಕ್ಕದ ಮನೆಯವರಿಗೆ ಹೇಳಬಹುದಾಗಿತ್ತು, ನನಗೆ ಮಾತ್ರ ಹೇಳಬಾರದು ಅಂದರೆ ಈ ಮನೆಯಲ್ಲಿ ನಾನು ಯಾರು?

"ಮಗೂಗೆ ಶಾಲೆ ಇಂಟರ್‌ವ್ಯೂ ಇತ್ತು, ಆನ್‌ಲೈನಲ್ಲಿ. ಹೇಳ್ಲೇಬೇಕಿತ್ತು," ಎಂದಳು. ಕಣ್ಣೊರೆಸಿಕೊಂಡು ಕೇಳಿದಳು: "ಹೇಳಿದ್ರೆ ನೀನು ಬೇಡ ಅಂತಿದ್ಯಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಕೂಗಾಡುತ್ತಿದ್ದೆ. ಎರಡು ದಿನ ಮಾತು ಬಿಡುತ್ತಿದ್ದೆ. ಇನ್ನೊಂದು ದೇಶ, ಇನ್ನೊಂದು ಭಾಷೆ ನನ್ನಿಂದಾಗದು ಎನ್ನುತ್ತಿದ್ದೆ. ಕೊನೆಗೆ ಒಪ್ಪುತ್ತಿದ್ದೆ.

"ಇಲ್ಲ," ಎಂದೆ.

"ಮತ್ತೆ?" ಎಂದಳು.

ಸಂಬಳ ಅವಳದು, ವೀಸಾ ಅವಳದು, ಮನೆ ಬಾಡಿಗೆಯ ಕಾಗದದಲ್ಲಿ ಸಹಿ ಅವಳದು. ಹೂಂ ಅನ್ನುವುದೊಂದು ನನ್ನದಾಗಿತ್ತು. ಹೇಗೂ ಸಿಗುತ್ತದೆ ಎಂದು ಅದನ್ನು ಕೇಳದೆ ತೆಗೆದುಕೊಂಡಿದ್ದಳು.

ಆಮೇಲೆ ನಾನು ತೊಟ್ಟಿಯ ಹತ್ತಿರ ಹೋಗುವುದನ್ನು ಬಿಟ್ಟೆ. ಅದನ್ನು ಎತ್ತಿ ಬಾಲ್ಕನಿಯಿಂದ ಒಗೆಯಬೇಕೆಂದು ಒಮ್ಮೆ, ಪಾಚಿಯನ್ನೆಲ್ಲ ಕಿತ್ತು ಬೋಳು ಕೊರಡನ್ನು ಮಂಗಳೂರಿನವರಿಗೆ ಕೊಡಬೇಕೆಂದು ಇನ್ನೊಮ್ಮೆ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ನೀರು ಆವಿಯಾಗಿ ಕೆಳಗಿಳಿದು, ಫಿಲ್ಟರ್ ಗೊಳಗೊಳ ಸದ್ದು ಮಾಡತೊಡಗಿತು. ಅದೂ ಕೇಳಿಸದವನಂತೆ ಓಡಾಡಿದೆ. ಒಂದು ಮಧ್ಯಾಹ್ನ ತರಕಾರಿ ತೆಗೆದುಕೊಂಡು ಬಂದು ಬಾಗಿಲು ತೆಗೆದರೆ ಮಂಗಳೂರಿನವರು ಹಾಲಿನಲ್ಲಿ ನಿಂತು ಬಕೆಟ್ಟಿನಿಂದ ಮಗ್ಗಿನಲ್ಲಿ ನೀರು ಎತ್ತಿ ತೊಟ್ಟಿಗೆ ಹಾಕುತ್ತಿದ್ದರು. ನನ್ನ ಹೆಂಡತಿ ಕೀ ಕೊಟ್ಟಿದ್ದಳಂತೆ. ನಾನು ಹೇಳಿಕೊಟ್ಟಂತೆಯೇ, ಪಾಚಿ ಅಲುಗಾಡದ ಹಾಗೆ, ಅಂಗೈ ಅಡ್ಡ ಹಿಡಿದು ಅದರ ಮೇಲೆ ನಿಧಾನ ಸುರಿಯುತ್ತಿದ್ದರು.

ನನ್ನನ್ನು ನೋಡಿ ಮಗ್ಗು ಕೆಳಗಿಟ್ಟರು. "ನನಗೆ ಬೇಜಾರುಂಟು ಮಾರಾಯ್ರೆ," ಎಂದರು. "ಮೇಡಂ ಯಾರಿಗೂ ಹೇಳ್ಬೇಡಿ ಅಂತ ಪ್ರಾಮಿಸ್ ತಗೊಂಡಿದ್ರು. ಕಲಿಸುವಾಗ ನೀವು ಅಷ್ಟು ಖುಷಿಯಲ್ಲಿದ್ರಿ. ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ."

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ನಿಮಗೆ ನಿಜವಾಗ್ಲೂ ಕಲೀಬೇಕು ಅಂತ ಇತ್ತಾ?"

ಒಳ್ಳೆಯ ಮನುಷ್ಯ, ಸುಳ್ಳು ಹೇಳಬಹುದಾಗಿತ್ತು. "ಮೊದಲು ಇರ್ಲಿಲ್ಲ," ಎಂದರು. "ಆಮೇಲೆ ಬಂತು."

ಆಮೇಲೆ ಬಂದದ್ದು ನನ್ನ ಕಿವಿಗೆ ಬೀಳಲಿಲ್ಲ, ಮೊದಲು ಇರಲಿಲ್ಲ ಎಂಬುದಷ್ಟೇ ಬಿತ್ತು. ಆದರೂ ಬಕೆಟ್ಟಿನ ನೀರು ಮುಗಿದಿದ್ದರಿಂದ ಇನ್ನೊಂದು ಬಕೆಟ್ ತಂದುಕೊಟ್ಟೆ. ಮೀನುಗಳು ಏನು ತಪ್ಪು ಮಾಡಿದ್ದವು? ಮುಂದಿನ ವಾರ ತೊಟ್ಟಿ ಅವರ ಮನೆಗೆ ಹೋಯಿತು. ನಾನೇ ಒಂದು ತುದಿ ಹಿಡಿದೆ.

ಹೊರಡುವ ಮುಂಚೆ ಕನ್ನಡದ ಕೆಲವು ಸಂಸಾರಗಳು ಸೇರಿ ನಮಗೊಂದು ಊಟ ಇಟ್ಟುಕೊಂಡರು. ಕಾಂಡೋದ ಕೆಳಗಿನ ಹಾಲಿನಲ್ಲಿ, ಪ್ರತಿ ಮನೆಯಿಂದ ಒಂದೊಂದು ಅಡುಗೆ. ಯಾರೋ ಪುಳಿಯೋಗರೆ ತಂದಿದ್ದರು, ಯಾರೋ ನೀರ್‌ದೋಸೆ. ಮಂಗಳೂರಿನವರು ತಟ್ಟೆ ಹಿಡಿದು ನನ್ನ ಎದುರಿಗೆ ಕೂತಿದ್ದರು, ಹೆಂಡತಿ ನನ್ನ ಒಂದು ಪಕ್ಕ, ಮಗಳು ಇನ್ನೊಂದು ಪಕ್ಕ. ನಮ್ಮೆಲ್ಲರಿಗಿಂತ ಹಿರಿಯರಾದ, ಮೈಸೂರಿನ ಕಡೆಯ ಆಂಟಿಯೊಬ್ಬರು ಪಾಯಸ ಬಡಿಸುತ್ತಾ ಬಂದವರು ನನ್ನ ಮುಂದೆ ನಿಂತರು.

"ಅಲ್ಲಪ್ಪ, ಇಷ್ಟು ಚೆನ್ನಾಗಿ ಸೆಟ್ಲ್ ಆಗಿದ್ರಿ. ಹೊರಡೋಣ ಅಂತ ಮೊದಲು ಅಂದಿದ್ದು ಯಾರು? ನೀನೋ, ಇವಳೋ?"

ಸುತ್ತಲಿನವರು ನಗುತ್ತಾ ತಿರುಗಿದರು. ಹೆಂಡತಿಯ ಕೈಯಲ್ಲಿದ್ದ ಚಮಚ ನಿಂತಿತು. ಮಂಗಳೂರಿನವರು ತಟ್ಟೆಯೊಳಗೆ ತಲೆ ಹಾಕಿದರು. ನನಗೆ ಹೇಳಬೇಕೆನಿಸಿತು. ಇವಳು ನನ್ನನ್ನು ಕೇಳಲೇ ಇಲ್ಲ ಆಂಟಿ, ಪಕ್ಕದ ಮನೆಯವರಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು ಎಂದು, ಎಲ್ಲರಿಗೂ ಕೇಳುವ ಹಾಗೆ. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆಂದರೆ ಮಾನ ಹೋಗುವುದು ಯಾರದು? ಕೇಳದೆ ಹೋದವಳದ್ದಲ್ಲ, ಒಂದು ಮಾತು ಕೇಳುವಷ್ಟೂ ಲೆಕ್ಕಕ್ಕಿಲ್ಲದವನದು.

"ಇಬ್ರದೂ ತೀರ್ಮಾನ ಆಂಟಿ," ಎಂದೆ. "ಹೀಗೇ ಮಾತಾಡ್ತಾ ಮಾತಾಡ್ತಾ ಆಯ್ತು."

"ಸಂಸಾರ ಅಂದ್ರೆ ಹೀಗಿರ್ಬೇಕು ನೋಡಿ," ಎಂದು ಆಂಟಿ ಎಲ್ಲರಿಗೂ ಹೇಳಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದರು. ಹೆಂಡತಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಮಗಳು ನನ್ನನ್ನೇ ನೋಡುತ್ತಿದ್ದಳು. "ಬಟ್ ಅಪ್ಪಾ," ಎಂದಳು. ಅವಳಮ್ಮನ ಮುಖ ನೋಡಿದಳು, ಎದುರಿನ ಅಂಕಲ್ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಪಾಯಸದೊಳಗಿನ ದ್ರಾಕ್ಷಿಯನ್ನು ಆರಿಸಿ ಪಕ್ಕಕ್ಕಿಟ್ಟಳು. ಮುಚ್ಚಿಡುವುದನ್ನು ಅವಳಿಗೆ ಇಬ್ಬರು ಕಲಿಸಿದ್ದರು. ಮೂರನೆಯವನು ನಾನು.